ಮೇಯುತ್ತ ಮೇಯುತ್ತ ಖಂಡ ದಾಟಿದವು

ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಪಿಸ್ದೂರಾ ಎಂಬ ಹಳ್ಳಿಯ ಹೊಲಗಳಲ್ಲಿ ಕಲ್ಲಾಗಿ ಹೋದ ಲದ್ದಿ ಸಿಗುತ್ತದೆ. ಡೈನೋಸಾರ್ ಯುಗದ ಕೊನೆಯ ಕಾಲದ್ದು, ಸುಮಾರು 6.7 ಕೋಟಿ ವರ್ಷ ಹಳೆಯದು. ಭೂವಿಜ್ಞಾನಿಗಳು ದಶಕಗಳಿಂದ ಈ ಉಂಡೆಗಳನ್ನು ಹೆಕ್ಕುತ್ತ ಬಂದಿದ್ದಾರೆ. ಅವನ್ನು ಪುಡಿಮಾಡಿ, ಆಮ್ಲದಲ್ಲಿ ಕರಗಿಸಿ, ಉಳಿದದ್ದನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ 2005ರಲ್ಲಿ ಯಾರೂ ನಿರೀಕ್ಷಿಸದ ವಸ್ತುವೊಂದು ಕಂಡಿತು: ಹುಲ್ಲು. ಹುಲ್ಲಿನ ಗರಿಯಂಚು ಬೆರಳನ್ನು ಕೊಯ್ಯುತ್ತದಲ್ಲ, ಅದಕ್ಕೆ ಕಾರಣ ಎಲೆಯ ಜೀವಕೋಶಗಳಲ್ಲಿ ಕೂತಿರುವ ಸಿಲಿಕಾ ಕಣಗಳು. ಎಲೆ ಕೊಳೆತರೂ ಆ ಕಣಗಳು ಕೊಳೆಯುವುದಿಲ್ಲ, ಹುಲ್ಲಿನ ಬಗೆಬಗೆಗೆ ಅವುಗಳ ಆಕಾರವೂ ಬೇರೆ. ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಅವರ ಜೊತೆಗಾರರು ಪಿಸ್ದೂರಾದ ಲದ್ದಿಯಲ್ಲಿ ಕನಿಷ್ಠ ಐದು ಬಗೆಯ ಹುಲ್ಲನ್ನು ಗುರುತಿಸಿದರು. ಡೈನೋಸಾರ್‌ಗಳು ಅಳಿದ ಮೇಲೆ ತುಂಬಾ ಕಾಲ ಕಳೆದು ಹುಲ್ಲಿನ ಕುಲ ಕವಲೊಡೆಯಿತು ಎಂಬ ನಂಬಿಕೆ ಅಲ್ಲಿಗೆ ಬಿತ್ತು.

ಆ ಲದ್ದಿ ಹಾಕಿದ ಪ್ರಾಣಿಗಳು ಟೈಟನೋಸಾರ್‌ಗಳು ಎಂಬುದು ಬಹುತೇಕ ಎಲ್ಲರ ಅಭಿಪ್ರಾಯ. ಉದ್ದ ಕತ್ತು, ಉದ್ದ ಬಾಲ, ಕಂಬದಂಥ ನಾಲ್ಕು ಕಾಲು. ಹುಲ್ಲು ಅವುಗಳ ಮುಖ್ಯ ಮೇವಾಗಿರಲಿಲ್ಲ. ಅದೇ ಲದ್ದಿಯಲ್ಲಿ ತಾಳೆ ಜಾತಿಯ ಗಿಡಗಳ, ಸೂಚಿಪರ್ಣಿ ಮರಗಳ ಅಂಶವೂ ಇದೆ. ಸಿಕ್ಕಿದ್ದನ್ನು ತಿಂದವು. ನನಗೆ ಈ ಲದ್ದಿ ಯಾವ ಬೃಹತ್ ಅಸ್ಥಿಪಂಜರಕ್ಕಿಂತಲೂ ದೊಡ್ಡ ಸಾಕ್ಷಿಯಾಗಿ ಕಾಣುತ್ತದೆ. ದಕ್ಷಿಣದ ಖಂಡಗಳಲ್ಲಿ ಹದಿನಾರು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಸೊಪ್ಪುಸದೆ ತಿಂದು ಬದುಕಿದ ಒಂದು ವಂಶ ಹೇಗೆ ಹರಡಿತು, ಹೇಗೆ ಉಳಿಯಿತು ಎಂದು ಕೇಳಿದರೆ ಉತ್ತರದ ಅರ್ಧ ಭಾಗ ಆ ಉಂಡೆಯಲ್ಲೇ ಇದೆ. ಇನ್ನರ್ಧ ಇರುವುದು ಕಾಲಡಿಯ ನೆಲದಲ್ಲಿ. ಏಕೆಂದರೆ ಅವು ಎಷ್ಟು ನಡೆದವೋ, ನೆಲ ಅವನ್ನು ಅಷ್ಟೇ ಹೊತ್ತೊಯ್ದಿತು.

ಕಥೆಯ ಬುಡ 23 ಕೋಟಿ ವರ್ಷಗಳ ಹಿಂದಿದೆ. ಆಗ ಭೂಮಿಯ ನೆಲವೆಲ್ಲ ಒಂದೇ ಮಹಾಖಂಡ. ಅದರ ದಕ್ಷಿಣಾರ್ಧವೇ ಗೊಂಡ್ವಾನಾ: ಇಂದಿನ ದಕ್ಷಿಣ ಅಮೆರಿಕ, ಆಫ್ರಿಕಾ, ಮಡಗಾಸ್ಕರ್, ಭಾರತ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ ಒಂದಕ್ಕೊಂದು ಅಂಟಿಕೊಂಡಿದ್ದ ಭೂಭಾಗ. ಆ ಹೆಸರು ಬಂದದ್ದು ನಮ್ಮ ಮಧ್ಯ ಭಾರತದ ಗೊಂಡರ ನಾಡಿನಿಂದ. ಅತಿ ಹಳೆಯ ಡೈನೋಸಾರ್‌ಗಳು ಸಿಕ್ಕಿರುವುದು ಅರ್ಜೆಂಟೀನಾದ ಇಸ್ಚಿಗುಲಾಸ್ಟೋ ಕಣಿವೆಯಲ್ಲಿ, ಬ್ರೆಜಿಲ್‌ನ ಸಾಂತಾ ಮರಿಯಾದಲ್ಲಿ. 2022ರಲ್ಲಿ ಜಿಂಬಾಬ್ವೆಯಿಂದ ಇನ್ನೊಂದು ಸೇರಿತು, ಎಂಬಿರೆಸಾರಸ್ ಎಂದು ಹೆಸರು. ಎರಡು ಮೀಟರ್ ಉದ್ದ, ಎರಡೇ ಕಾಲ ಮೇಲೆ ಓಡಾಡುತ್ತಿದ್ದ ಹಗುರ ಪ್ರಾಣಿ, ಎಲೆಯಾಕಾರದ ಗರಗಸದಂಚಿನ ಸಣ್ಣ ಹಲ್ಲು. ಮುಂದೆ ಎಪ್ಪತ್ತು ಟನ್ ತೂಗಲಿದ್ದ ವಂಶದ ಮೊದಲಿಗರು ಇಂಥವು.

ಈ ಜಾಗಗಳನ್ನು ಅಂದಿನ ನಕ್ಷೆಯಲ್ಲಿ ಗುರುತಿಸಿದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಪಟ್ಟಿಯಲ್ಲಿ ಬೀಳುತ್ತವೆ. ಗೋದಾವರಿ ಕಣಿವೆಯ ಮಾಲೇರಿ ಶಿಲೆಗಳೂ ಅದೇ ಪಟ್ಟಿಯಲ್ಲಿವೆ. ಅಲ್ಲಿ ಹವೆ ತೇವ, ಮೇವು ಸಮೃದ್ಧ. ಅದರ ಉತ್ತರಕ್ಕೆ ವಿಶಾಲ ಮರುಭೂಮಿ. ನಡುವೆ ಸಮುದ್ರವಿಲ್ಲ, ದಾಟಲಾಗದ ಪರ್ವತಸಾಲು ಇಲ್ಲ, ಆದರೂ ಈ ಸಸ್ಯಾಹಾರಿಗಳು ದಕ್ಷಿಣ ಅಮೆರಿಕದಿಂದ ಗ್ರೀನ್‌ಲೆಂಡ್ ತಲುಪಲು ಒಂದೂವರೆ ಕೋಟಿ ವರ್ಷ ಹಿಡಿಯಿತು. ವರ್ಷಕ್ಕೆ ಹತ್ತೇ ಕಿಲೋಮೀಟರ್ ಸರಿದಿದ್ದರೂ ಸಾವಿರ ಚಿಲ್ಲರೆ ವರ್ಷದಲ್ಲಿ ಮುಗಿಯಬೇಕಾದ ದಾರಿ ಅದು. ಡೆನಿಸ್ ಕೆಂಟ್ ಮತ್ತು ಲಾರ್ಸ್ ಕ್ಲೆಮೆನ್ಸನ್ 2021ರಲ್ಲಿ ಇದಕ್ಕೆ ಕೊಟ್ಟ ವಿವರಣೆ ಹವಾಮಾನದ್ದು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಅತಿಯಾಗಿದ್ದಷ್ಟು ಕಾಲ ನಡುವಿನ ಪಟ್ಟಿಗಳು ದಾಟಲಾರದಷ್ಟು ಕಠಿಣವಾಗಿದ್ದವು. ಸುಮಾರು 21.4 ಕೋಟಿ ವರ್ಷಗಳ ಹಿಂದೆ ಅದರ ಪ್ರಮಾಣ ಇಳಿಯಿತು, ಮೇವು ಚಿಗುರುವ ದಾರಿಯೊಂದು ತೆರೆಯಿತು, ಅವು ಹೊರಟವು. ಮಾಂಸಾಹಾರಿಗೆ ಬೇಟೆ ಸಿಕ್ಕರೆ ಸಾಕು. ಸೊಪ್ಪು ತಿನ್ನುವ ಪ್ರಾಣಿ ಸೊಪ್ಪು ಇರುವಲ್ಲಿಗಷ್ಟೇ ಹೋಗಬಲ್ಲದು. ಈ ವಂಶದ ಚರಿತ್ರೆಯುದ್ದಕ್ಕೂ ಈ ಕಟ್ಟಳೆ ಬಿಟ್ಟಿಲ್ಲ.

ದಕ್ಷಿಣದಲ್ಲಿ ಉಳಿದವು ಬೆಳೆಯುತ್ತ ಹೋದವು. ದಕ್ಷಿಣ ಆಫ್ರಿಕಾದ ಗೋಲ್ಡನ್ ಗೇಟ್ ಉದ್ಯಾನದಲ್ಲಿ 19 ಕೋಟಿ ವರ್ಷ ಹಳೆಯ ಮ್ಯಾಸೊಸ್ಪಾಂಡಿಲಸ್ ಎಂಬ ಈ ವಂಶದ ಪ್ರಾಣಿಯ ಗೂಡುಗಳಿವೆ. ಒಂದರ ಮೇಲೊಂದು ಮಣ್ಣಿನ ಪದರಗಳಲ್ಲಿ ಗೂಡುಗಳು ಸಿಕ್ಕಿರುವುದರಿಂದ ಅವು ಮರಳಿ ಮರಳಿ ಅಲ್ಲಿಗೇ ಬಂದು ಮೊಟ್ಟೆಯಿಡುತ್ತಿದ್ದವೆಂದು ತಿಳಿಯುತ್ತದೆ. ಅದೇ ಸೀಮೆಯಲ್ಲಿ, ಅದಕ್ಕೂ ತುಸು ಮುಂಚೆ, ಹನ್ನೆರಡು ಟನ್ ತೂಕದ ಲೆಡುಮಹಾಡಿ ಓಡಾಡಿತ್ತು. ನಮ್ಮ ಕಡೆಯ ಸಾಕ್ಷಿ ಗೋದಾವರಿ ಕಣಿವೆಯದು. ಪಿ.ಸಿ. ಮಹಲನೋಬಿಸ್ ಅವರ ಆಹ್ವಾನದ ಮೇಲೆ ಲಂಡನ್ನಿನಿಂದ ಬಂದ ಪಮೇಲಾ ರಾಬಿನ್ಸನ್ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಭೂವಿಜ್ಞಾನ ವಿಭಾಗ ಕಟ್ಟಲು ನೆರವಾದರು. ಆ ತಂಡ ಪೋಚಂಪಳ್ಳಿ ಎಂಬ ಹಳ್ಳಿಯ ಬಳಿ ಅಗೆದಾಗ ಸುಮಾರು 300 ಮೂಳೆಗಳು ಬಂದವು. ಒಂದೇ ಒಂದು ತೊಡೆಮೂಳೆ 1.7 ಮೀಟರ್ ಉದ್ದವಿತ್ತು. ಅದು 1961, ಟ್ಯಾಗೋರರ ಜನ್ಮಶತಾಬ್ದಿಯ ವರ್ಷ. ಹಾಗಾಗಿ 1975ರಲ್ಲಿ ಹೆಸರಿಡುವಾಗ ಬರಾಪಾಸಾರಸ್ ಟ್ಯಾಗೋರೈ ಎಂದರು. ಅದರ ಅಸ್ಥಿಪಂಜರ ಇಂದಿಗೂ ಆ ಸಂಸ್ಥೆಯ ಸಂಗ್ರಹಾಲಯದಲ್ಲಿ ನಿಂತಿದೆ. ಕೋಲ್ಕತ್ತಕ್ಕೆ ಹೋದವರು ನೋಡಿಬರಬೇಕು.

ಕರ್ನಾಟಕದಲ್ಲಿ ಯಾಕೆ ಇಂಥದ್ದು ಸಿಗುವುದಿಲ್ಲ ಎಂದು ಓದುಗರು ಕೇಳಿಯೇ ಕೇಳುತ್ತಾರೆ. ನಮ್ಮ ರಾಜ್ಯದ ಬಹುಭಾಗದ ಶಿಲೆ 250 ಕೋಟಿ ವರ್ಷಕ್ಕಿಂತ ಹಳೆಯದು, ಡೈನೋಸಾರ್‌ಗಳಿಗಿರಲಿ, ಮೂಳೆಯುಳ್ಳ ಯಾವ ಜೀವಿಗೂ ಎಷ್ಟೋ ಮುಂಚಿನದು. ಅವು ಇಲ್ಲಿ ಓಡಾಡಿರಬಹುದು. ಆದರೆ ಹೆಜ್ಜೆಯನ್ನೋ ಮೂಳೆಯನ್ನೋ ಮುಚ್ಚಿ ಕಾಪಾಡುವ ಆ ಕಾಲದ ಹೂಳು ಇಲ್ಲಿ ಬಹುತೇಕ ಉಳಿದಿಲ್ಲ.

ಇಷ್ಟೊಂದು ದೊಡ್ಡ ದೇಹ ಬರೀ ಎಲೆಯ ಮೇಲೆ ಬದುಕಿದ್ದು ಹೇಗೆ? ಇದಕ್ಕೆ ಬಹುಕಾಲ ಊಹೆಯ ಉತ್ತರಗಳಷ್ಟೇ ಇದ್ದವು. ಹಲ್ಲು ನೋಡಿದರೆ ಅಗಿಯುವ ಹಲ್ಲಲ್ಲ, ಕಚ್ಚಿ ಕೀಳುವ ಹಲ್ಲು. ತಲೆ ಪುಟ್ಟದು. ಅಂದರೆ ಬಾಯಲ್ಲಿ ಕೆಲಸವಿಲ್ಲ, ಕಿತ್ತದ್ದನ್ನು ನುಂಗುವುದು, ಉಳಿದದ್ದು ಹೊಟ್ಟೆಯ ಸೂಕ್ಷ್ಮಜೀವಿಗಳ ಪಾಲು. 2025ರಲ್ಲಿ ಇದಕ್ಕೆ ಪ್ರತ್ಯಕ್ಷ ಸಾಕ್ಷಿ ಸಿಕ್ಕಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ವಿಂಟನ್ ಊರಿನ ಸುತ್ತ 2017ರಲ್ಲಿ ಅಗೆದ ಡಯಮಂಟಿನಾಸಾರಸ್ ಎಂಬ ಉದ್ದ ಕತ್ತಿನ ಡೈನೋಸಾರ್ ಒಂದರ ಹೊಟ್ಟೆಯ ಭಾಗದಲ್ಲಿ ಕಲ್ಲಾದ ಸಸ್ಯರಾಶಿಯಿತ್ತು. ಅದರೊಳಗೆ ಸೂಚಿಪರ್ಣಿಗಳ ಎಲೆ, ಬೀಜದ ಜರೀಗಿಡಗಳ ಕಾಯಿ, ಹೂಬಿಡುವ ಗಿಡಗಳ ಎಲೆ ಎಲ್ಲ ಒಟ್ಟಿಗಿದ್ದವು. ತುಂಡಾಗಿದ್ದವು, ಆದರೆ ಅಗಿದಿರಲಿಲ್ಲ. ಎತ್ತರದ ಮರದ್ದೂ ಇತ್ತು, ನೆಲಮಟ್ಟದ್ದೂ ಇತ್ತು.

ಅಗಿಯದಿರುವುದು ಕೊರತೆಯೆಂದು ಕಾಣಬಹುದು. ಅದೇ ಅವುಗಳ ದೊಡ್ಡ ಬಲ. ಅಗಿಯುವ ಪ್ರಾಣಿಗೆ ದೊಡ್ಡ ದವಡೆ, ದಪ್ಪ ಸ್ನಾಯು, ಭಾರದ ತಲೆ ಬೇಕು. ಅಷ್ಟು ಭಾರವನ್ನು ಹತ್ತು ಮೀಟರ್ ಉದ್ದದ ಕತ್ತಿನ ತುದಿಯಲ್ಲಿ ಹೊರಲಾಗದು. ತಲೆ ಹಗುರಾದ್ದರಿಂದ ಕತ್ತು ಬೆಳೆಯಿತು, ಕತ್ತಿನ ಮೂಳೆಗಳೊಳಗೆ ಗಾಳಿಚೀಲಗಳು ಹೊಕ್ಕು ಅದನ್ನೂ ಹಗುರ ಮಾಡಿದವು. ಇಂದಿನ ಹಕ್ಕಿಗಳಲ್ಲಿ ಇರುವುದು ಅದೇ ಏರ್ಪಾಟು. ನಿಂತಲ್ಲೇ ನಿಂತು ಕತ್ತು ತಿರುಗಿಸಿದರೆ ಸುತ್ತಲಿನ ಮೇವೆಲ್ಲ ಬಾಯಿಗೆ. ಗಿಡದ ಜಾತಿ ಬದಲಾದರೂ ಅವು ಹಸಿವಿನಿಂದ ಸಾಯಲಿಲ್ಲ. ಹೂಬಿಡುವ ಸಸ್ಯಗಳು ಬಂದು ಕಾಡಿನ ರೂಪವೇ ಬದಲಾದಾಗ ಅವನ್ನೂ ತಿಂದವು, ಹುಲ್ಲು ಬಂದಾಗ ಹುಲ್ಲನ್ನೂ.

ಈಗ ನೆಲದ ವಿಷಯ. ಸುಮಾರು 16 ಕೋಟಿ ವರ್ಷಗಳ ಹಿಂದೆ ಗೊಂಡ್ವಾನಾ ಒಡೆಯತೊಡಗಿತು. ಮೊದಲು ಆಫ್ರಿಕಾ ಒಂದು ಕಡೆ, ಮಡಗಾಸ್ಕರ್ ಮತ್ತು ಭಾರತ ಇನ್ನೊಂದು ಕಡೆ. ಆಮೇಲೆ ಭಾರತ ಮತ್ತು ಮಡಗಾಸ್ಕರ್ ಜೋಡಿ ಅಂಟಾರ್ಕ್ಟಿಕಾವನ್ನು ಬಿಟ್ಟಿತು. ಸುಮಾರು 10 ಕೋಟಿ ವರ್ಷಗಳ ಹಿಂದೆ ದಕ್ಷಿಣ ಅಮೆರಿಕ ಆಫ್ರಿಕಾದಿಂದ ಕಳಚಿಕೊಂಡಿತು. ಕೊನೆಗೆ ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟವು. ಆ ಬೇರ್ಪಡುವಿಕೆಯ ಗುರುತು ನಮ್ಮಲ್ಲೇ ಇದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡುವ ಸೇಂಟ್ ಮೇರೀಸ್ ದ್ವೀಪದ ಕಂಬಕಂಬವಾದ ಕಲ್ಲುಗಳು ಆ ಹೊತ್ತಿನಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿ ತಣಿದ ಲಾವಾ. ಆ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಆಚೆ ಮಡಗಾಸ್ಕರ್‌ನಲ್ಲೂ ಇವೆ. ಕಲ್ಲಿನ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವವರಲ್ಲಿ ಎಷ್ಟು ಜನರಿಗೆ ಇದು ಗೊತ್ತೋ. ಗೊತ್ತಾಗುವಂತೆ ಹೇಳುವ ಕೆಲಸ ನಮ್ಮ ಶಾಲೆಗಳಲ್ಲಿ ಆಗಬೇಕಿತ್ತು.

ಭಾರತ ಒಂಟಿಯಾಗಿ ಉತ್ತರಕ್ಕೆ ಸಾಗಿತು, ಅದರ ಮೇಲಿದ್ದ ಟೈಟನೋಸಾರ್‌ಗಳೂ ಜೊತೆಗೆ. ಎರಡು ಕೋಟಿ ವರ್ಷಗಳ ಒಂಟಿ ಪಯಣದ ನಂತರದ ಅವುಗಳ ಮೂಳೆ ನೋಡಿದರೆ ಹಳೆಯ ನೆಂಟಸ್ತಿಕೆ ಇನ್ನೂ ಅಳಿಸಿಲ್ಲ. ಮಹಾರಾಷ್ಟ್ರದ ಡೋಂಗರ್‌ಗಾಂವ್‌ನಲ್ಲಿ ಸಿಕ್ಕ ಐಸಿಸಾರಸ್ ಮಡಗಾಸ್ಕರ್‌ನ ರಪೆಟೋಸಾರಸ್‌ಗೆ ಹತ್ತಿರದ್ದೆಂದು ಹಲವು ಅಧ್ಯಯನಗಳು ಹೇಳಿವೆ. ಜಬಲ್ಪುರದ ಜೈನೋಸಾರಸ್‌ಗೆ ಹೋಲುವ ವಾಹಿನಿ ಎಂಬ ಪ್ರಾಣಿಯನ್ನು 2014ರಲ್ಲಿ ಮಡಗಾಸ್ಕರ್‌ನಿಂದಲೇ ವಿವರಿಸಲಾಯಿತು. ಐಸಿಸಾರಸ್ ಹೆಸರಿನ ಮೊದಲರ್ಧ ಅದೇ ಸಂಖ್ಯಾಶಾಸ್ತ್ರ ಸಂಸ್ಥೆಯ ಇಂಗ್ಲಿಷ್ ಅಕ್ಷರಗಳು, ಜೈನೋಸಾರಸ್ ಹೆಸರು ಅಲ್ಲಿ ಜೀವಮಾನವಿಡೀ ದುಡಿದ ಸೋಹನ್ ಲಾಲ್ ಜೈನ್ ಅವರದು.

ನಡೆದು ದಾಟಿದ ಕಥೆ ಆಸ್ಟ್ರೇಲಿಯಾದ್ದು. ವಿಂಟನ್‌ನ ಡಯಮಂಟಿನಾಸಾರಸ್‌ಗೆ ಆಸ್ಟ್ರೇಲಿಯಾದ ಹೊರಗಿನ ಅತಿ ಹತ್ತಿರದ ನೆಂಟ ಅರ್ಜೆಂಟೀನಾದ ಸಾರ್ಮಿಯೆಂಟೋಸಾರಸ್. ನಡುವೆ ಇದ್ದ ಸೇತುವೆ ಅಂಟಾರ್ಕ್ಟಿಕಾ. ಆಗ ಅಲ್ಲಿ ಹಿಮದ ಹೊದಿಕೆ ಇರಲಿಲ್ಲ, ಕಾಡಿತ್ತು. ಹಾಗಿದ್ದೂ ಧ್ರುವದ ಬಳಿಯ ಚಳಿ ಮತ್ತು ತಿಂಗಳುಗಟ್ಟಲೆಯ ಕತ್ತಲು ಈ ಉದ್ದ ಕತ್ತಿನವಕ್ಕೆ ಒಗ್ಗುತ್ತಿರಲಿಲ್ಲ. ಆಸ್ಟ್ರೇಲಿಯಾದೊಳಗೇ ಇದಕ್ಕೆ ಆಧಾರವಿದೆ. ಬೆಚ್ಚಗಿದ್ದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅವು ಧಾರಾಳ, ಆಗ ಧ್ರುವವೃತ್ತದ ಹತ್ತಿರವಿದ್ದ ವಿಕ್ಟೋರಿಯಾ ಕರಾವಳಿಯ ಶಿಲೆಗಳಲ್ಲಿ ಸಿಕ್ಕೇ ಇಲ್ಲ. ಅಲ್ಲಿ ಸಿಗುವುದು ಲಿಯೆಲಿನಾಸಾರಾದಂಥ ಸಣ್ಣ ಗಾತ್ರದ, ಎರಡು ಕಾಲಿನ ಸಸ್ಯಾಹಾರಿಗಳು. ಟಾಮ್ ರಿಚ್ ಮತ್ತು ಪೆಟ್ರೀಷಿಯಾ ವಿಕರ್ಸ್-ರಿಚ್ ದಂಪತಿ ಡೈನೋಸಾರ್ ಕೋವ್ ಎಂಬ ಕಡಲಂಚಿನ ಬಂಡೆಯಲ್ಲಿ ಸುರಂಗ ಕೊರೆದು ಅವನ್ನು ಹೊರತೆಗೆದರು. ಹಾಗಾದರೆ ದೈತ್ಯಗಳು ಅಂಟಾರ್ಕ್ಟಿಕಾ ದಾಟಿದ್ದು ಯಾವಾಗ? ಸ್ಟೀಫನ್ ಪೊರೊಪ್ಯಾಟ್ ತಂಡ 2016ರಲ್ಲಿ ಕೊಟ್ಟ ಉತ್ತರ: ಸುಮಾರು 10.5 ಕೋಟಿ ವರ್ಷಗಳ ಹಿಂದೆ ಭೂಮಿ ಬಿಸಿಯಾದಾಗ. ಗ್ರೀನ್‌ಲೆಂಡ್ ದಾರಿ ತೆರೆದದ್ದು ಗಾಳಿಯ ಇಂಗಾಲ ಇಳಿದಾಗ, ಅಂಟಾರ್ಕ್ಟಿಕಾದ ದಾರಿ ತೆರೆದದ್ದು ಕಾವು ಏರಿದಾಗ.

ಬರೀ ಉದ್ದ ಕತ್ತಿನವನ್ನೇ ಹೇಳಿದರೆ ದಕ್ಷಿಣಕ್ಕೆ ಅನ್ಯಾಯವಾಗುತ್ತದೆ. ಮೈಮೇಲೆ ಮೂಳೆಯ ಕವಚ ಹೊತ್ತ ಆಂಕಿಲೊಸಾರ್‌ಗಳಲ್ಲೂ ದಕ್ಷಿಣದ್ದೇ ಒಂದು ಕವಲು ಇತ್ತೆಂದು 2021ರಲ್ಲಿ ಚಿಲಿಯ ಸ್ಟೆಗೂರಾಸ್ ತೋರಿಸಿಕೊಟ್ಟಿತು. ಅದರ ಬಾಲದ ತುದಿ ಚಪ್ಪಟೆಯಾಗಿ, ಅಂಚಿನುದ್ದಕ್ಕೂ ಹರಿತವಾದ ಮೂಳೆಗಳಿಂದ ಕೂಡಿದೆ. ಉತ್ತರದ ಯಾವ ಆಂಕಿಲೊಸಾರ್‌ಗೂ ಅಂಥ ಬಾಲವಿಲ್ಲ. ಅಂಟಾರ್ಕ್ಟಿಕಾದ ಜೇಮ್ಸ್ ರಾಸ್ ದ್ವೀಪದಲ್ಲಿ 1986ರಲ್ಲೇ ಸಿಕ್ಕಿ ಎಲ್ಲಿ ಸೇರಿಸಬೇಕೆಂದು ತಿಳಿಯದೆ ಉಳಿದಿದ್ದ ಅಂಟಾರ್ಕ್ಟೊಪೆಲ್ಟಾ ಮತ್ತು ಆಸ್ಟ್ರೇಲಿಯಾದ ಕುನ್‌ಬರ‍್ರಾಸಾರಸ್ ಈಗ ಅದರ ಜೊತೆ ಒಂದೇ ಮನೆಯವು.

ಹರಡಿದ್ದಾಯಿತು. ಉಳಿಯಲು ಮೊಟ್ಟೆ ಬೇಕು. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಬಾಘ್, ಪಾಡಲ್ಯಾ ಸುತ್ತಮುತ್ತ ಹರ್ಷಾ ಧೀಮಾನ್, ಗುಂಟುಪಲ್ಲಿ ಪ್ರಸಾದ್ ಮತ್ತಿತರರು 2023ರಲ್ಲಿ ವಿವರಿಸಿದ ಟೈಟನೋಸಾರ್ ಗೂಡುಗಳು 92, ಮೊಟ್ಟೆಗಳು 256. ಒಂದೊಂದು ಮೊಟ್ಟೆ ಸುಮಾರು ಹದಿನಾರು ಸೆಂಟಿಮೀಟರ್ ಅಗಲ, ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು. ಹತ್ತಾರು ಟನ್ನಿನ ತಾಯಿಗೆ ಇದು ಏನೇನೂ ಅಲ್ಲ. ಗೂಡುಗಳು ಒತ್ತೊತ್ತಾಗಿವೆ, ನಡುವೆ ದೊಡ್ಡ ಪ್ರಾಣಿಗೆ ಕಾಲಿಡಲೂ ಜಾಗವಿಲ್ಲ. ಹಾಗಾಗಿ ಅವು ಮೊಟ್ಟೆಯಿಟ್ಟು, ಮುಚ್ಚಿ, ಹೊರಟುಹೋಗುತ್ತಿದ್ದವು ಎಂಬ ತೀರ್ಮಾನ. ಅದೇ ತಂಡ 2022ರಲ್ಲಿ ಮೊಟ್ಟೆಯೊಳಗೊಂದು ಮೊಟ್ಟೆಯಿದ್ದ ಪಳೆಯುಳಿಕೆಯನ್ನೂ ವಿವರಿಸಿತು. ಕೋಳಿ, ಬಾತುಗಳಲ್ಲಿ ಅಪರೂಪಕ್ಕೆ ಆಗುವ ಈ ದೋಷ ಆಮೆ, ಮೊಸಳೆಗಳಲ್ಲಿ ಕಂಡಿಲ್ಲ. ಅಂದರೆ ಈ ದೈತ್ಯಗಳ ಅಂಡನಾಳದ ರಚನೆ ಹಕ್ಕಿಗಳದನ್ನು ಹೋಲುತ್ತಿತ್ತು.

ಕಾವಲಿಲ್ಲದ ಮರಿಗಳ ಪಾಡು ಏನಾಗುತ್ತಿತ್ತೆಂಬುದಕ್ಕೆ ಗುಜರಾತಿನ ಧೋಳಿ ಡುಂಗರಿಯ ಕಲ್ಲೊಂದು ಸಾಕು. 1980ರ ದಶಕದಲ್ಲಿ ಧನಂಜಯ ಮೊಹಬೆ ಸಂಗ್ರಹಿಸಿದ ಆ ಕಲ್ಲಿನಲ್ಲಿ ಮೊಟ್ಟೆಗಳಿವೆ, ಆಗಷ್ಟೇ ಹೊರಬಂದ ಅರ್ಧ ಮೀಟರ್ ಉದ್ದದ ಮರಿಯೊಂದಿದೆ. ಒಡೆದ ಮೊಟ್ಟೆಯೊಂದನ್ನು ಸುತ್ತಿಕೊಂಡಿರುವ ಮೂಳೆಗಳು ಮೂರೂವರೆ ಮೀಟರ್ ಉದ್ದದ ಹಾವಿನವು ಎಂದು ಗೊತ್ತಾದದ್ದು ವರ್ಷಗಳ ನಂತರ. ಬಹುಶಃ ಬಿರುಮಳೆಗೆ ಸರಿದುಬಂದ ಹೂಳು ಎಲ್ಲವನ್ನೂ ಒಟ್ಟಿಗೆ ಮುಚ್ಚಿತು. ಸನಾಜೆ ಎಂಬ ಆ ಹಾವು 2010ರಲ್ಲಿ ಲೋಕಕ್ಕೆ ಪರಿಚಯವಾಯಿತು. ಅರ್ಜೆಂಟೀನಾದ ಔಕಾ ಮಹುಯೆವೊದಲ್ಲೂ 1997ರಲ್ಲಿ ಇಂಥದ್ದೇ ಬೀಡು ಸಿಕ್ಕಿತು. ಸಾವಿರಾರು ಮೊಟ್ಟೆಗಳು ನೆರೆಯ ಮಣ್ಣಿನಡಿ ಹೂತುಹೋಗಿವೆ, ಕೆಲವದರೊಳಗೆ ಭ್ರೂಣದ ಚರ್ಮದ ಅಚ್ಚು ಕೂಡ ಇದೆ.

ಮರಿಗಳು ತಮ್ಮ ಮೇವನ್ನು ತಾವೇ ಹುಡುಕಿಕೊಳ್ಳುತ್ತಿದ್ದವು ಎನ್ನಲು ಮಡಗಾಸ್ಕರ್‌ನ ಪುಟ್ಟ ರಪೆಟೋಸಾರಸ್ ಆಧಾರ. ಕ್ರಿಸ್ಟಿನಾ ಕರಿ ರಾಜರ್ಸ್ 2016ರಲ್ಲಿ ಅದರ ಮೂಳೆಯನ್ನು ಸೀಳಿ ನೋಡಿದರು. ಮೊಟ್ಟೆಯೊಡೆದಾಗ ಮೂರೂವರೆ ಕಿಲೋ ಇದ್ದದ್ದು ಕೆಲವೇ ವಾರಗಳಲ್ಲಿ ಸುಮಾರು ನಲವತ್ತು ಕಿಲೋ ಆಗಿತ್ತು. ಕೈಕಾಲಿನ ಅಳತೆ ದೊಡ್ಡವದೇ ಪ್ರಮಾಣ, ಹಾಗಾಗಿ ಹುಟ್ಟಿದಾಗಿನಿಂದ ಓಡಾಡಿಕೊಂಡಿತ್ತು. ಬರಗಾಲ ಬಂತು, ಮೇವಿಲ್ಲದೆ ಸತ್ತಿತು. ಈ ಲೆಕ್ಕ ಕ್ರೂರವೆನಿಸುತ್ತದೆ. ಆದರೆ ಆನೆಯಂಥ ಪ್ರಾಣಿ ಸುಮಾರು ಎರಡು ವರ್ಷ ಹೊತ್ತು ಒಂದೇ ಮರಿ ಹಾಕಿ ವರ್ಷಾನುಗಟ್ಟಲೆ ಸಾಕುವಲ್ಲಿ, ಇವು ಹಲವು ಮೊಟ್ಟೆಯಿಟ್ಟು ಮುಂದೆ ಸಾಗುತ್ತಿದ್ದವು. ಬರವೋ ನೆರೆಯೋ ಒಂದು ವರ್ಷದ ಮರಿಗಳನ್ನೆಲ್ಲ ಕೊಂದರೂ ಮುಂದಿನ ವರ್ಷ ಮತ್ತೆ ಮೊಟ್ಟೆಗಳಿರುತ್ತಿದ್ದವು. ಉತ್ತರ ಅಮೆರಿಕದಲ್ಲಿ ಉದ್ದ ಕತ್ತಿನವು ಸುಮಾರು ಮೂರು ಕೋಟಿ ವರ್ಷ ಕಾಣಿಸದೇ ಹೋದ ಕಾಲದಲ್ಲಿ ದಕ್ಷಿಣದಲ್ಲಿ ಅವುಗಳದೇ ಆಳ್ವಿಕೆಯಾಗಿತ್ತು. ಪ್ಯಾಟಗೋನಿಯಾದ ಪ್ಯಾಟಗೋಟೈಟನ್‌ನ ತೊಡೆಮೂಳೆಯೊಂದೇ 2.4 ಮೀಟರ್.

ಭಾರತದ ಟೈಟನೋಸಾರ್‌ಗಳ ಕೊನೆಗಾಲ ಲಾವಾದ ನೆರಳಲ್ಲೇ ಕಳೆಯಿತು. ದಖನ್ನಿನ ಬಿರುಕುಗಳಿಂದ ಉಕ್ಕಿದ ಲಾವಾ ಪದರಪದರವಾಗಿ ಹರಡಿ ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿದೆ. ಬೀದರ್, ವಿಜಯಪುರ, ಬೆಳಗಾವಿಯ ಎರೆಮಣ್ಣು ಆ ಕಪ್ಪುಕಲ್ಲು ಕರಗಿ ಆದದ್ದು. ಹಾಗೆಂದು ಲಾವಾ ಬಂದ ದಿನವೇ ಅವು ಅಳಿಯಲಿಲ್ಲ. ಎರಡು ಉಕ್ಕುಗಳ ನಡುವೆ ಸಾವಿರಾರು ವರ್ಷಗಳ ಬಿಡುವು ಇರುತ್ತಿತ್ತು, ಕೆರೆ ತುಂಬುತ್ತಿತ್ತು, ಗಿಡ ಚಿಗುರುತ್ತಿತ್ತು. ಕಛ್‌ನ ಅಂಜಾರ್‌ನಲ್ಲಿ ಎರಡು ಲಾವಾ ಪದರಗಳ ನಡುವಿನ ಕೆರೆಯ ಹೂಳಿನಲ್ಲೇ ಡೈನೋಸಾರ್ ಮೂಳೆ, ಮೊಟ್ಟೆಚಿಪ್ಪು ಸಿಕ್ಕಿವೆ. 6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೊದ ಯುಕಟಾನ್‌ಗೆ ಕ್ಷುದ್ರಗ್ರಹ ಬಡಿದು, ದೂಳು ಮಸಿ ಆಕಾಶ ಮುಚ್ಚಿ, ಬಿಸಿಲಿಲ್ಲದೆ ಗಿಡಗಳೇ ನಿಂತುಹೋದಾಗ ಯಾವ ಹೊಟ್ಟೆಬಾಕತನವೂ ಕೆಲಸಕ್ಕೆ ಬರಲಿಲ್ಲ. ದಿನವೂ ರಾಶಿ ಮೇವು ಬೇಡುವ ದೇಹಕ್ಕೆ ಕಾಯುವ ಶಕ್ತಿ ಇರಲಿಲ್ಲ.

ಅಷ್ಟರೊಳಗೆ ದಖನ್ನಿನ ಲಾವಾ ಭಾರತದ ಟೈಟನೋಸಾರ್‌ಗಳನ್ನು ಎಷ್ಟು ಬಡವಾಗಿಸಿತ್ತು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಿರುವುದು ಧಾರ್‌ನಂಥ ಕಡೆಯ ಗೂಡುಗಳಲ್ಲಿ. ಯಾವ ಗೂಡು ಮೊದಲ ಲಾವಾದ ಕೆಳಗಿದೆ, ಯಾವುದು ಎಷ್ಟು ಮೇಲಿನ ಪದರದಲ್ಲಿದೆ, ಮೇಲಕ್ಕೆ ಹೋದಂತೆ ಮೊಟ್ಟೆಚಿಪ್ಪು ತೆಳುವಾಗುತ್ತದೆಯೇ, ಗೂಡುಗಳು ವಿರಳವಾಗುತ್ತವೆಯೇ ಎಂದು ಒಂದೊಂದಾಗಿ ಅಳೆಯಬೇಕು. ಪಾಡಲ್ಯಾದ ರೈತರು ಹೊಲದಲ್ಲಿ ಸಿಕ್ಕ ಇಂಥ ಉರುಟು ಕಲ್ಲುಗಳನ್ನು ಬೆಳೆ, ದನಕರು ಕಾಯುವ ಭೈರವನೆಂದು ಪೂಜಿಸುತ್ತ ಬಂದಿದ್ದರು ಎಂಬುದು 2023ರ ಕೊನೆಯಲ್ಲಿ ಸುದ್ದಿಯಾಯಿತು. ಆ ಭಕ್ತಿಯಿಂದ ಎಷ್ಟೋ ಮೊಟ್ಟೆಗಳು ಒಡೆಯದೆ ಉಳಿದಿವೆ. ಸುದ್ದಿ ಓದಿ ನೋಡಲು ಹೋಗುವವರು ಒಂದನ್ನೂ ಕಿತ್ತು ಮನೆಗೆ ತರಬಾರದು. ಜಾಗ ಬಿಟ್ಟು ಬಂದ ಮೊಟ್ಟೆ ತಾನು ಯಾವ ಪದರದ್ದೆಂದು ಆಮೇಲೆ ಯಾವ ಪ್ರಯೋಗಾಲಯದಲ್ಲೂ ಹೇಳುವುದಿಲ್ಲ.